ಬ್ಯಾಟಿ ನಾಯಿಗೆ ಈಗ ಏನು ಕೆಲಸ?

ನಮ್ಮ ರಾಮಥಾಳಕ್ಕೆ ಬಂದು "ಇಲ್ಲಿ ಮುಧೋಳ ನಾಯಿ ಯಾರ ಮನೇಲಿದೆ?" ಅಂತ ಕೇಳಿದರೆ ಹುಡುಗರು ತಟ್ಟನೆ ಮನೆ ತೋರಿಸುತ್ತಾರೆ. ಟೀವಿ, ಮೊಬೈಲು ನೋಡಿ ಕಲಿತ ಹೆಸರು ಅದು. ಆದರೆ ನಮ್ಮಜ್ಜನ ವಯಸ್ಸಿನವರನ್ನು ಕೇಳಿದರೆ ಒಂದು ಕ್ಷಣ ಸುಮ್ಮನಿದ್ದು, "ಬ್ಯಾಟಿ ನಾಯಿ ಏನ್ಪಾ?" ಅಂತ ತಿರುಗಿ ನಮ್ಮನ್ನೇ ಕೇಳುತ್ತಾರೆ. ಬ್ಯಾಟಿ ಅಂದರೆ ಬೇಟೆ. ಎರಡೂ ಒಂದೇ ನಾಯಿ: ಕಡ್ಡಿಯಂಥ ಕಾಲು, ಒಳಗೆ ಸೇದಿಕೊಂಡ ಹೊಟ್ಟೆ, ಉದ್ದ ಮೂತಿ, ಯಾವಾಗಲೂ ಎಲ್ಲೋ ದೂರ ನೋಡುತ್ತಿರುವ ಕಣ್ಣು.

ಒಂದೇ ನಾಯಿಗೆ ಎರಡು ಹೆಸರು ಯಾಕೆ ಅನ್ನೋ ಪ್ರಶ್ನೆ ನನ್ನನ್ನು ಬಹಳ ದಿನದಿಂದ ಕಾಡುತ್ತಿತ್ತು. ಒಂದು ಹೆಸರು ಊರಿನದು, ಇನ್ನೊಂದು ಕೆಲಸದ್ದು. ಊರಿನ ಹೆಸರು ಪ್ರಸಿದ್ಧವಾಯಿತು, ಕೆಲಸದ ಹೆಸರು ಮರೆಯಾಗುತ್ತಾ ಬಂತು. ಸ್ವಲ್ಪ ಕೆದಕಿದರೆ ಈ ನಾಯಿಯ ಇತಿಹಾಸ ಪೂರ್ತಿ ಈ ಎರಡು ಹೆಸರುಗಳ ಮಧ್ಯೆಯೇ ಇದೆ ಅನ್ನಿಸುತ್ತದೆ. ಅದನ್ನೇ ಇಲ್ಲಿ ಬರೆಯೋಣ ಅಂದುಕೊಂಡಿದ್ದೇನೆ. ಬರೆಯೋಕೆ ಒಂದು ಕಾರಣವೂ ಇದೆ, ಅದನ್ನು ಆಮೇಲೆ ಹೇಳ್ತೀನಿ.

ಮೊದಲು ಭೂಗೋಳ. ರಾಮಥಾಳ ಇರೋದು ಹುನಗುಂದ ತಾಲೂಕಿನಲ್ಲಿ, ಬಾಗಲಕೋಟೆ ಜಿಲ್ಲೆಯ ಆಗ್ನೇಯ ಭಾಗ. ಮುಧೋಳ ಅದೇ ಜಿಲ್ಲೆಯ ಇನ್ನೊಂದು ತುದಿ, ಘಟಪ್ರಭೆಯ ದಂಡೆ. ನಮ್ಮ ಕಡೆ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುತ್ತಾಳೆ. ನಡುವೆ ಎರೆ ಹೊಲ, ಕಲ್ಲಿನ ಗುಡ್ಡ, ಕುರುಚಲು. ಮರ ಕಡಿಮೆ, ಬಯಲು ಜಾಸ್ತಿ. ಮೈಲಿ ದೂರದ ಮೊಲವನ್ನೂ ಕಣ್ಣಿನಿಂದಲೇ ಹುಡುಕಬಹುದು ಅಂತ ನಮ್ಮಜ್ಜ ಸ್ವಲ್ಪ ಉಪ್ಪು ಖಾರ ಹಚ್ಚಿ ಹೇಳ್ತಾನೆ :) ಆದರೆ ಮಾತಿನಲ್ಲಿ ಹುರುಳಿದೆ. ಮಲೆನಾಡಿನ ದಟ್ಟ ಕಾಡಿನಲ್ಲಿ ಮೂಸಿ ಹುಡುಕುವ ನಾಯಿ ಬೇಕು. ನಮ್ಮಂಥ ಬಯಲಲ್ಲಿ ನೋಡಿ ಓಡುವ ನಾಯಿ ಬೇಕು. ಬ್ಯಾಟಿ ನಾಯಿ ಈ ನೆಲಕ್ಕೆ ಒಗ್ಗಿದ್ದು ಹಾಗೆ.

ಈಗ ಎಲ್ಲರಿಗೂ ಗೊತ್ತಿರುವ ಕಥೆ. ಮುಧೋಳ ಒಂದು ಸಣ್ಣ ಸಂಸ್ಥಾನ, ಆಳಿದವರು ಘೋರ್ಪಡೆ ಮನೆತನ. ಘೋರ್ಪಡ ಅಂದರೆ ಮರಾಠಿಯಲ್ಲಿ ಉಡ. ಬಹಮನಿ ಸುಲ್ತಾನರ ಕಾಲದಲ್ಲಿ ಉಡಕ್ಕೆ ಹಗ್ಗ ಕಟ್ಟಿ ಕೋಟೆ ಹತ್ತಿದ್ದಕ್ಕೆ ಆ ಬಿರುದು ಬಂತು ಅಂತ ಐತಿಹ್ಯ. (ಪ್ರಾಣಿಯ ಹೆಸರಿನ ಮನೆತನಕ್ಕೆ ಪ್ರಾಣಿಯಿಂದಲೇ ಹೆಸರು ಬಂದದ್ದು ತಮಾಷೆಯೇ.) 20ನೇ ಶತಮಾನದ ಮೊದಲ ಭಾಗದಲ್ಲಿ ಆಳಿದ ರಾಜಾ ಮಾಲೋಜಿರಾವ್ ಘೋರ್ಪಡೆ ಬೇಡರ ಹತ್ತಿರ ಇದ್ದ ಈ ಬೇಟೆ ನಾಯಿಗಳನ್ನು ಮೆಚ್ಚಿದರು, ಆರಿಸಿ ಸಾಕಿಸಿದರು, ಇಂಗ್ಲೆಂಡಿಗೆ ಹೋದಾಗ ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕಾಣಿಕೆ ಕೊಟ್ಟರು. ಆತ ಮುಧೋಳ ಹೌಂಡ್ ಅಂದ, ಹೆಸರು ಅಂಟಿಕೊಂಡಿತು. ಇದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವ ಕಥೆ.

ಈ ಕಥೆಯಲ್ಲಿ ಒಂದು ಎಡವಟ್ಟಿದೆ. ಬಹಳ ಕಡೆ ಕಾಣಿಕೆ ಕೊಟ್ಟ ವರ್ಷ 1937 ಅಂತ ಬರೆದಿರುತ್ತಾರೆ. ಐದನೇ ಜಾರ್ಜ್ ತೀರಿಕೊಂಡದ್ದು 1936ರ ಜನವರಿಯಲ್ಲಿ! ಹಾಗಾದರೆ ವರ್ಷ ತಪ್ಪಿರಬೇಕು, ಇಲ್ಲಾ ದೊರೆಯ ಹೆಸರು ತಪ್ಪಿರಬೇಕು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಹಾಗೇ ಇಳಿಸಿಕೊಂಡರೆ ಹೀಗಾಗುತ್ತದೆ. ನಮ್ಮ ಸಾಫ್ಟ್‌ವೇರಿನಲ್ಲೂ ಅಷ್ಟೇ, ಎಲ್ಲಿಂದಲೋ ಕಾಪಿ ಮಾಡಿದ ಕೋಡಿನ ಜೊತೆ ಅದರ ತಪ್ಪೂ ಬರುತ್ತದೆ.

ವರ್ಷದ ಮಾತು ಇರಲಿ ಬಿಡಿ. ನನಗೆ ಮುಖ್ಯ ಅನ್ನಿಸಿದ್ದು ಕಥೆಯ ಮಧ್ಯದ ಒಂದು ಸಣ್ಣ ಮಾತು: "ಬೇಡರ ಹತ್ತಿರ ಇದ್ದ". ರಾಜರು ನಾಯಿಯನ್ನು ಕಂಡದ್ದು ಆಮೇಲೆ. ಅದಕ್ಕೂ ಮೊದಲು ಆ ನಾಯಿ ಯಾರದೋ ಗುಡಿಸಲಿನ ಮುಂದೆ ರೊಟ್ಟಿ ತಿಂದು ಬೆಳೆದಿತ್ತು. ಅರಮನೆ ಅದಕ್ಕೆ ಹೆಸರು ಕೊಟ್ಟಿತು, ಒಳ್ಳೇದೇ. ಆದರೆ ಕಣ್ಣು, ಕಾಲು, ಓಟ ಕೊಟ್ಟವರು ಬೇರೆ.

ಆ ಬೇಡರು ಯಾರು? ಮುಧೋಳ ತಾಲೂಕಿನಲ್ಲಿ ಹಲಗಲಿ ಅಂತ ಒಂದು ಊರಿದೆ. ಶಾಲೆಯಲ್ಲಿ ಹಲಗಲಿ ಬೇಡರ ಲಾವಣಿ ಓದಿದವರಿಗೆ ನೆನಪಿರಬಹುದು. 1857ರಲ್ಲಿ ಇಂಗ್ಲಿಷರು ಜನರ ಹತ್ತಿರವಿದ್ದ ಆಯುಧಗಳನ್ನು ಕಿತ್ತುಕೊಳ್ಳುವ ಕಾನೂನು ತಂದರು. ಹಲಗಲಿ ಆಗ ಮುಧೋಳ ಸಂಸ್ಥಾನದ ಹಳ್ಳಿ. ಆಯುಧ ಅನ್ನೋದು ಬೇಡರಿಗೆ ಅನ್ನವೂ ಹೌದು, ಮಾನವೂ ಹೌದು. ಕೊಡೋದಿಲ್ಲ ಅಂದರು. ಜಡಗ, ಬಾಲ, ಹನುಮ, ರಾಮ ಇವರ ಮುಂದಾಳುತನದಲ್ಲಿ ಎದುರು ನಿಂತರು. ನವೆಂಬರ್ ಕೊನೆಯಲ್ಲಿ ಇಂಗ್ಲಿಷರ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೆ ಹಾಕಿದರು, ಕೆಲವರನ್ನು ಮುಧೋಳದಲ್ಲಿ, ಉಳಿದವರನ್ನು ಹಲಗಲಿಯಲ್ಲೇ.

ಇಲ್ಲಿ ನನ್ನದೊಂದು ಊಹೆ, ಊಹೆ ಅಂತಲೇ ಓದಿಕೊಳ್ಳಿ. ಬಂದೂಕು, ಕತ್ತಿ ಹೋದ ಮೇಲೆ ಬೇಟೆಗಾರನ ಹತ್ತಿರ ಉಳಿದದ್ದೇನು? ಲೈಸೆನ್ಸ್ ಬೇಡದ, ಯಾವ ಸಿಪಾಯಿಯೂ ಆಯುಧ ಅಂತ ಬರೆದುಕೊಳ್ಳದ ಒಂದೇ ಒಂದು ಸಾಧನ. ಅದಕ್ಕೆ ನಾಲ್ಕು ಕಾಲಿತ್ತು. 1857ರ ನಂತರದ ವರ್ಷಗಳಲ್ಲಿ ಈ ನಾಯಿಯ ಬೆಲೆ ಬಡವರ ಮನೆಯಲ್ಲಿ ಏರಿರಬೇಕೇ ಹೊರತು ಇಳಿದಿರಲಿಕ್ಕಿಲ್ಲ ಅಂತ ನನಗನ್ನಿಸುತ್ತದೆ.

ಬೇಟೆ ನಾಯಿಗೆ ನಮ್ಮವರು ಕೊಟ್ಟ ಬೆಲೆ ಎಷ್ಟು ಹಳೆಯದು ಅಂತ ತಿಳಿಯಬೇಕಾದರೆ ಇನ್ನೂ ಹಿಂದೆ, ಮತ್ತು ಸ್ವಲ್ಪ ದಕ್ಷಿಣಕ್ಕೆ ಹೋಗಬೇಕು. ಮಂಡ್ಯ ಜಿಲ್ಲೆ ಮದ್ದೂರು ತಾಲೂಕಿನ ಆತಕೂರಿನಲ್ಲಿ ಒಂದು ಶಾಸನ ಸಿಕ್ಕಿದೆ, ಈಗ ಬೆಂಗಳೂರಿನ ಸರ್ಕಾರಿ ಮ್ಯೂಸಿಯಮ್ಮಿನಲ್ಲಿದೆ. ಕಾಲ ಕ್ರಿ.ಶ. 949-50. ರಾಷ್ಟ್ರಕೂಟರ ಮೂರನೇ ಕೃಷ್ಣ, ಅವನ ಜೊತೆ ಗಂಗರ ಬೂತುಗ, ಇಬ್ಬರೂ ಸೇರಿ ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಸೋಲಿಸಿದರು. ಚೋಳ ರಾಜಕುಮಾರ ರಾಜಾದಿತ್ಯ ಅಲ್ಲಿ ಸತ್ತ. ಆ ಯುದ್ಧದಲ್ಲಿ ಮಣಲೆರ ಅನ್ನೋ ವೀರ ಚೆನ್ನಾಗಿ ಕಾದಿದ. ಮೆಚ್ಚಿದ ಒಡೆಯ "ಏನು ಬೇಕೋ ಬೇಡು" ಅಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೆರ ಕೇಳಿದ್ದು ಕಾಳಿ ಅನ್ನೋ ಹೆಸರಿನ ಬೇಟೆ ನಾಯಿ!

ಆಮೇಲೆ ಆ ಕಾಳಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿತ್ತು. ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಮಣಲೆರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಅಂತ ಭೂಮಿ ಬಿಟ್ಟ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಸೆಣಸುವ ಚಿತ್ರ ಇದೆ. ಪೂಜೆ ಮಾಡಬೇಕಾದ ಗೊರವ ಈ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಅವನಿಗೆ ಪಾಪ ತಟ್ಟುತ್ತದೆ ಅಂತಲೂ ಬರೆಸಿದ್ದಾರೆ. ಒಂದು ಸಾಮ್ರಾಜ್ಯದ ದೊಡ್ಡ ಗೆಲುವೂ ಒಂದು ನಾಯಿಯ ಸಾವೂ ಒಂದೇ ಕಲ್ಲಿನ ಮೇಲೆ ಇವೆ.

ಅಂದ ಹಾಗೆ, ಮುಧೋಳದ ಕವಿ ರನ್ನ ಹುಟ್ಟಿದ್ದೂ 949ರಲ್ಲೇ. ಆಗ ಊರಿನ ಹೆಸರು ಮುದುವೊಳಲು. ಕಾಳಿಗೂ ಮುಧೋಳಕ್ಕೂ ಸಂಬಂಧ ಕಲ್ಪಿಸಬೇಡಿ, ಕಾಳಿ ಯಾವ ತಳಿ ಅಂತ ಶಾಸನ ಹೇಳೋದಿಲ್ಲ. ಆದರೆ ರನ್ನ ತೊಟ್ಟಿಲಲ್ಲಿದ್ದ ಕಾಲಕ್ಕೆ ಕನ್ನಡ ನಾಡಿನಲ್ಲಿ ನಾಯಿಗೆ ಹೆಸರಿತ್ತು, ಬೆಲೆ ಇತ್ತು, ಸತ್ತರೆ ಕಲ್ಲು ನಿಲ್ಲಿಸುವ ಒಡೆಯ ಇದ್ದ ಅನ್ನೋದು ಸತ್ಯ.

ಆ ಶಾಸನದಲ್ಲಿ ಬರುವ 'ಗೊರವ' ಅನ್ನೋ ಪದ ನಮ್ಮ ಕಡೆ ಇವತ್ತಿಗೂ ಬದುಕಿದೆ. ಮೈಲಾರಲಿಂಗನ ಗೊರವಯ್ಯಗಳನ್ನು ನೀವು ನೋಡಿರಬಹುದು. ಕಂಬಳಿ ಹೊದ್ದು, ಡಮರುಗ ಹಿಡಿದು ಬರುತ್ತಾರೆ. ದೇವರ ಮುಂದೆ ನಾಯಿಯ ಹಾಗೆ ಬೊಗಳುತ್ತಾರೆ, ದೋಣಿಯಲ್ಲಿ ಹಾಕಿದ್ದನ್ನು ನಾಯಿಯ ಹಾಗೆ ಬಾಗಿ ತಿನ್ನುತ್ತಾರೆ. ಮೈಲಾರನ ಜೊತೆ ನಾಯಿ ಇರುತ್ತದೆ, ಭಕ್ತ ಆ ನಾಯಿಯಾಗುತ್ತಾನೆ. "ನಾಯಿ" ಅನ್ನೋದನ್ನು ಬೈಗುಳ ಮಾಡಿಕೊಂಡ ನಾವೇ ಅದನ್ನು ಭಕ್ತಿಯ ಕೊನೆಯ ಮೆಟ್ಟಿಲೂ ಮಾಡಿದ್ದೇವೆ. ಕುರಿ ಕಾಯುವ ಜನಕ್ಕೆ ನಾಯಿ ಇಲ್ಲದೆ ರಾತ್ರಿಯೇ ಇಲ್ಲ. ತೋಳ ಬಂದರೆ ಮೊದಲು ಏಳೋದು ಅದು. ಹಾಗಾಗಿ ಇದರಲ್ಲಿ ಆಶ್ಚರ್ಯ ಏನೂ ಇಲ್ಲ.

ಈಗ ನಾಯಿಯ ಮೈಯ ವಿಚಾರ. ಎಂಜಿನಿಯರಿಂಗ್ ಓದಿದವನಿಗೆ ಇದೊಂದು ಅಚ್ಚುಕಟ್ಟಾದ ಡಿಸೈನ್. ಕುದುರೆ ನಾಗಾಲೋಟದಲ್ಲಿ ಓಡುವಾಗ ಒಂದು ಸುತ್ತಿಗೆ ಒಂದು ಸಲ ನಾಲ್ಕೂ ಕಾಲು ನೆಲ ಬಿಡುತ್ತವೆ. ಗ್ರೇಹೌಂಡ್, ಸಲೂಕಿ, ನಮ್ಮ ಬ್ಯಾಟಿ ನಾಯಿ ಇಂಥವು ಓಡುವಾಗ ಎರಡು ಸಲ ಬಿಡುತ್ತವೆ: ಒಮ್ಮೆ ಮೈ ಚಾಚಿದಾಗ, ಇನ್ನೊಮ್ಮೆ ಮೈ ಮುದುಡಿದಾಗ. ಬೆನ್ನೇ ಒಂದು ಸ್ಪ್ರಿಂಗು. ಮೂತಿ ಉದ್ದ, ತಲೆ ಕಿರಿದು, ಕಣ್ಣು ಪಕ್ಕಕ್ಕೆ, ಹಾಗಾಗಿ ಒಂದೇ ನೋಟಕ್ಕೆ ಬಯಲಿನ ಬಹಳ ಭಾಗ ಕಾಣುತ್ತದೆ. ಮೈಯಲ್ಲಿ ಕೊಬ್ಬು ಕಡಿಮೆ. ಪಕ್ಕೆಲುಬು ಕಾಣುತ್ತವೆ ಅಂತ ಪೇಟೆಯವರು "ಪಾಪ, ಊಟ ಹಾಕಲ್ವಾ?" ಅಂತಾರೆ. ಅದು ಇರೋದೇ ಹಾಗೆ. ಕೊಬ್ಬು ಕಡಿಮೆ ಇರೋದರಿಂದ ಚಳಿ ತಡೆಯೋದಿಲ್ಲ, ಮತ್ತು ಗ್ರೇಹೌಂಡ್ ಗುಂಪಿನ ನಾಯಿಗಳಿಗೆ ಕೆಲವು ಅರಿವಳಿಕೆ ಔಷಧಿಗಳ ಮತ್ತು ಬೇಗ ಇಳಿಯೋದಿಲ್ಲ. ಆಪರೇಷನ್ ಮಾಡಿಸುವವರು ಡಾಕ್ಟರಿಗೆ ಮೊದಲೇ ಹೇಳಬೇಕು.

ಈ ಇಡೀ ಡಿಸೈನು ಒಂದು ಕೆಲಸಕ್ಕೆ ಅಂತ ಆದದ್ದು. ಆ ಕೆಲಸವೇ ಹೋದರೆ?

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಅದರಲ್ಲಿ ಬೇಟೆ ಅಂದರೆ ಬರೀ ಗುಂಡು ಹೊಡೆಯೋದು ಅಲ್ಲ. ಬಲೆ ಹಾಕೋದು, ಸೋಹೋದು, ನಾಯಿ ಬಿಟ್ಟು ಅಟ್ಟಿಸೋದು ಎಲ್ಲವೂ ಬೇಟೆಯೇ. ಮೊಲವೂ ಅದರೊಳಗೆ ಬಂತು. ನಮ್ಮಜ್ಜ ಹರೆಯದಲ್ಲಿ, ಜ್ವಾಳದ ಸುಗ್ಗಿ ಮುಗಿದು ಹೊಲ ಬಯಲಾದ ಮೇಲೆ, ನಾಯಿ ಬಿಟ್ಟವನು. ಈಗ ಕೇಳಿದರೆ ಮೀಸೆ ತಿರುವೋದಿಲ್ಲ, ಹಳಹಳಿಸೋದೂ ಇಲ್ಲ.

"ಆಗ ಮೊಲಾ ಬಾಳ ಇದ್ದೂ, ನಮ್ಮ ಹೊಟ್ಟೀನೂ ಖಾಲಿ ಇತ್ತು. ಈಗ ಅವೂ ಕಡಿಮಿ ಆಗ್ಯಾವು, ನಮ್ಮ ಹೊಟ್ಟಿ ತುಂಬೈತಿ. ಇನ್ನ ಯಾಕ ಬೇಕಪಾ ತಮ್ಮಾ?" ಅಂತಾನೆ.

ಇದಕ್ಕಿಂತ ಚೆನ್ನಾಗಿ ಕಾಯ್ದೆಯ ಅರ್ಥವನ್ನು ಯಾವ ವಕೀಲರೂ ನನಗೆ ಹೇಳಿಲ್ಲ. ನಮ್ಮ ಜಿಲ್ಲೆಯಲ್ಲೇ, ಮುಧೋಳ-ಬೀಳಗಿ ಸೀಮೆಯ ಯಡಹಳ್ಳಿಯಲ್ಲಿ, 2016ರಲ್ಲಿ ಚಿಂಕಾರ ವನ್ಯಧಾಮ ಆಯಿತು. ಬ್ಯಾಟಿ ನಾಯಿಯ ತವರಿನಲ್ಲೇ ಅದು ಅಟ್ಟುತ್ತಿದ್ದ ಪ್ರಾಣಿಗೆ ರಕ್ಷಣೆ. ಇದು ಸರಿಯೇ. ಇಂಗ್ಲೆಂಡಿನಲ್ಲೂ ಗ್ರೇಹೌಂಡ್ ಬಿಟ್ಟು ಮೊಲ ಅಟ್ಟಿಸೋದನ್ನು 2004ರ ಕಾನೂನು ನಿಲ್ಲಿಸಿತು, ಜಾರಿಗೆ ಬಂದದ್ದು 2005ರ ಫೆಬ್ರವರಿಯಲ್ಲಿ. ಅದಕ್ಕೆ ಒಂದು ತಿಂಗಳ ಮೊದಲು, 2005ರ ಜನವರಿಯಲ್ಲಿ, ನಮ್ಮ ಅಂಚೆ ಇಲಾಖೆ ನಾಲ್ಕು ದೇಸಿ ನಾಯಿಗಳ ಅಂಚೆಚೀಟಿ ತಂದಿತ್ತು. ಅದರಲ್ಲಿ ಮುಧೋಳವೂ ಒಂದು. ಕೆಲಸ ಹೋದ ಮೇಲೆ ಫೋಟೋ ಬಂತು ಅನ್ನಿ. ನಮ್ಮ ಕಂಪನಿಗಳಲ್ಲಿ ನಿವೃತ್ತಿಯ ದಿನ ಶಾಲು ಹೊದಿಸಿ ಫೋಟೋ ತೆಗೆದ ಹಾಗೆ.

ಆಮೇಲಿನದು ಎಲ್ಲ ಪೇಪರಿನಲ್ಲಿ ಓದಿದ್ದೇ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಶುರುವಾಯಿತು. 2016ರಲ್ಲಿ ಅಲ್ಲಿಂದ ಆರು ಮರಿಗಳು ಮೀರಠಿನ ಸೇನಾ ತರಬೇತಿ ಕೇಂದ್ರಕ್ಕೆ ಹೋದವು. 2020ರ ಆಗಸ್ಟ್ 30ರ ಮನ್ ಕೀ ಬಾತ್‌ನಲ್ಲಿ ಪ್ರಧಾನಿಗಳು ಈ ನಾಯಿಯ ಹೆಸರು ಹೇಳಿದರು. 2022ರಲ್ಲಿ ಪ್ರಧಾನಿಯ ಭದ್ರತಾ ಪಡೆಯವರು ಮರಿ ಒಯ್ದ ಸುದ್ದಿ ಬಂತು. ಕರ್ನಾಲಿನ ರಾಷ್ಟ್ರೀಯ ಪಶು ಅನುವಂಶಿಕ ಸಂಪನ್ಮೂಲ ಸಂಸ್ಥೆ ಮೊಟ್ಟಮೊದಲು ನೋಂದಾಯಿಸಿದ ಮೂರು ನಾಯಿ ತಳಿಗಳಲ್ಲಿ ಇದೂ ಸೇರಿದೆ, ಉಳಿದೆರಡು ತಮಿಳುನಾಡಿನ ರಾಜಪಾಳ್ಯಂ ಮತ್ತು ಚಿಪ್ಪಿಪಾರೈ.

ತಳಿಯನ್ನು ಕಾಗದದ ಮೇಲೆ ಬರೆದಿಡೋದು ಹೊಸ ಪದ್ಧತಿ. ಲಂಡನ್ನಿನಲ್ಲಿ ಕೆನೆಲ್ ಕ್ಲಬ್ ಹುಟ್ಟಿದ್ದು 1873ರಲ್ಲಿ. ಅಲ್ಲಿಂದ ನಾಯಿಗೂ ವಂಶವೃಕ್ಷ, ಸರ್ಟಿಫಿಕೇಟು. ನಮ್ಮ ನಾಯಿಗೆ ಈ ಕಾಗದದಲ್ಲೂ ಒಂದು ಹೆಸರು ಗಟ್ಟಿಯಾಗಿಲ್ಲ. ಒಂದು ಕ್ಲಬ್ಬಿನಲ್ಲಿ ಕಾರವಾನ್ ಹೌಂಡ್, ಇನ್ನೊಂದರಲ್ಲಿ ಮುಧೋಳ ಹೌಂಡ್. ಮಹಾರಾಷ್ಟ್ರದವರು ಕಾರವಾನಿ ಅಂತಾರೆ, ಕಿವಿ-ಬಾಲದ ಮೇಲೆ ರೇಶಿಮೆಯಂಥ ಕೂದಲಿದ್ದರೆ ಪಶ್ಮಿ. ಇದರ ಮೂಲ ಮಧ್ಯ ಏಷ್ಯಾ, ಅರಬರ ಕಡೆಯಿಂದ ವ್ಯಾಪಾರಿಗಳ ಜೊತೆ ಬಂತು ಅಂತಲೂ ಹೇಳ್ತಾರೆ. ಬಂದಿರಬಹುದು. ನಮ್ಮ ಮೆಣಸಿನಕಾಯಿಯೂ ಹೊರಗಿಂದಲೇ ಬಂದದ್ದು, ಈಗ ರೊಟ್ಟಿ ಜೊತೆ ಖಾರ ಇಲ್ಲದೆ ನಮಗೆ ಊಟ ಇಲ್ಲ.

ಆದರೆ ಕಾಗದ ಬರುವ ಮೊದಲು ನೂರಾರು ವರ್ಷ ಈ ತಳಿಯನ್ನು ಕಾಪಾಡಿದ್ದು ಏನು? ನನ್ನ ಉತ್ತರ: ಅಂಗಳ. ಅದನ್ನು ಹೇಳಲು ನಮ್ಮ ಮನೆಯ ವಿಷಯವನ್ನು ಸ್ವಲ್ಪ ಹೇಳಬೇಕು.

ನಮ್ಮನೆಯಲ್ಲಿ ಮೂರು ನಾಯಿಗಳಿದ್ದವು. ಚಿಗರಿ, ಬ್ಯಾಟಿ ನಾಯಿ, ಹೆಣ್ಣು, ಈಗ ವಯಸ್ಸಾಗಿದೆ. ಕರಿಯ, ಅಪ್ಪಟ ಬೀದಿ ನಾಯಿ, ತಾನೇ ಬಂದು ಸೇರಿಕೊಂಡವನು. ಮೋತಿ, ಇವೆರಡರ ನಡುವಿನ ಯಾವುದೋ ಲೆಕ್ಕ. ಬೆಳಿಗ್ಗೆ ಆಕಳು ಹಿಂಡುವ ಹೊತ್ತಿಗೆ ಮೂರೂ ಗ್ವಾದಲಿಯ ಹತ್ತಿರ ಹಾಜರು. ಊಟ ಜೋಳದ ರೊಟ್ಟಿ ಮುರಿದು ಮಜ್ಜಿಗೆಯಲ್ಲಿ ನೆನೆಸಿದ್ದು, ಇಲ್ಲಾ ನುಚ್ಚು. ಒಂದೊಂದರ ತಾಟು ಬೇರೆ, ಜಾಗ ಬೇರೆ. ಚಿಗರಿ ಕಟ್ಟೆಯ ಮೇಲೆ, ಕರಿಯ ಬಾಗಿಲ ಹೊರಗೆ, ಮೋತಿ ಬೇವಿನ ಗಿಡದ ಕೆಳಗೆ. ಜಾಗ ತಪ್ಪಿಸಿ ಹಾಕಿದರೆ ಜಗಳ. ರಾತ್ರಿ ಕೆಲಸ ಹಂಚಿಕೆ: ಸಪ್ಪಳ ಮೊದಲು ಕೇಳೋದು ಕರಿಯನಿಗೆ, ಬೊಗಳಿ ಊರು ಎಬ್ಬಿಸೋದು ಮೋತಿ, ಸದ್ದಿಲ್ಲದೆ ಹೋಗಿ ನೋಡಿಕೊಂಡು ಬರೋದು ಚಿಗರಿ.

ಕಳೆದ ವರ್ಷ ನಮ್ಮ ಕಾಕಾ ಮುಧೋಳದ ಕಡೆಯ ಒಬ್ಬ ರೈತರ ಮನೆಯಿಂದ ಒಂದು ಹೆಣ್ಣು ಮರಿ ತಂದರು. ಆತಕೂರಿನ ಶಾಸನ ಓದಿದ ಹುರುಪಿನಲ್ಲಿ ನಾನು "ಕಾಳಿ ಅಂತ ಹೆಸರಿಡೋಣ" ಅಂದೆ. ಅವ್ವ ಒಪ್ಪಲಿಲ್ಲ. "ದೇವರ ಹೆಸರಿಟ್ಟು ಹಚಾ ಹಚಾ ಅನ್ನಾಕ ಬರತೈತೇನು?" ಅಂದಳು. ಮಣಲೆರನ ಕಾಲದ ಅವ್ವಂದಿರು ಏನಂದರೋ ಗೊತ್ತಿಲ್ಲ :) ಕೊನೆಗೆ ಎಲ್ಲರೂ 'ಸಣ್ಣಿ' ಅಂತ ಕರೆದರು, ಅದೇ ಉಳಿಯಿತು.

ಮರಿಗೆ ಎರಡು ತಿಂಗಳು ತುಂಬುವ ತನಕ ತಾಯಿಯಿಂದ ಬಿಡಿಸಬಾರದು ಅಂತ ಅಜ್ಜ ಮೊದಲೇ ಹೇಳಿದ್ದ. 1965ರಲ್ಲಿ ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಅನ್ನೋ ವಿಜ್ಞಾನಿಗಳು ಬಹಳ ವರ್ಷ ನಾಯಿಮರಿಗಳನ್ನು ಗಮನಿಸಿ ಒಂದು ಪುಸ್ತಕ ಬರೆದರು. ಮೂರನೇ ವಾರದಿಂದ ಸುಮಾರು ಹನ್ನೆರಡನೇ ವಾರದ ತನಕ ಮರಿ ಯಾರ ಜೊತೆ ಬೆರೆಯುತ್ತದೋ ಅವರನ್ನು ತನ್ನವರು ಅಂದುಕೊಳ್ಳುತ್ತದೆ ಅನ್ನೋದು ಅದರ ಸಾರ. ಮೊದಲ ಅರ್ಧ ತಾಯಿ, ಒಡಹುಟ್ಟುಗಳ ಜೊತೆ; ಉಳಿದ ಅರ್ಧ ಹೊಸ ಮನೆಯಲ್ಲಿ. ಅಜ್ಜನ ಲೆಕ್ಕವೂ ಅವರ ಲೆಕ್ಕವೂ ಒಂದೇ ಕಡೆ ಬಂದು ನಿಂತವು.

ಮೊದಲ ದಿನ ಮರಿಯನ್ನು ನೇರ ಅಂಗಳಕ್ಕೆ ಬಿಡಲಿಲ್ಲ. ಅಜ್ಜ ಅದನ್ನು ತನ್ನ ಹಳೇ ಕಂಬಳಿಯಲ್ಲಿ ಸುತ್ತಿ ಪಡಸಾಲೆಯಲ್ಲಿ ಮಲಗಿಸಿದ. ರಾತ್ರಿ ಪೂರ್ತಿ ಕುಂಯ್‌ಗುಟ್ಟಿತು. ಮರುದಿನ ಆ ಕಂಬಳಿಯನ್ನು ಒಯ್ದು ಮೂರೂ ನಾಯಿಗಳ ಮುಂದೆ ಹಾಸಿದ. ಮೂಸಿದವು. ಆಮೇಲೆ ಒಂದೊಂದನ್ನೇ ಕರೆದು ಮರಿ ತೋರಿಸಿದ. ಕರಿಯ ಬಾಲ ಆಡಿಸಿದ. ಮೋತಿ ಗುರ್ ಅಂತು, ಗದರಿಸಿಕೊಂಡು ಸುಮ್ಮನಾಯಿತು. ಚಿಗರಿ ಮಾತ್ರ ಎದ್ದು ಹೋಗಿ ಹಿತ್ತಲಲ್ಲಿ ಮಲಗಿತು, ಎರಡು ದಿನ ಹತ್ತಿರ ಸುಳಿಯಲಿಲ್ಲ. ಅವ್ವ ಕೊನೆಗೆ ಮೊದಲ ರೊಟ್ಟಿ ಚಿಗರಿಗೆ ಹಾಕಿ, ಅದು ತಿಂದ ಮೇಲೆ ಮರಿಗೆ ಹಾಕಲು ಶುರು ಮಾಡಿದಳು. "ಮನಿಗೆ ಸೊಸಿ ಬಂದ್ಲಂತ ಅತ್ತೀನ ಮರತ್ರ ನಡದೀತೇನು?" ಅಂದಳು. ಮೂರನೇ ದಿನ ಚಿಗರಿ ಬಂದು ಮರಿಯ ಪಕ್ಕ ಮಲಗಿತು.

ಆಮೇಲೆ ಕಲಿಸುವ ಕೆಲಸ ಪೂರ್ತಿ ನಾಯಿಗಳದ್ದೇ. ಕೋಳಿಯ ಹಿಂದೆ ಓಡಿದರೆ ಚಿಗರಿ ಅಡ್ಡ ಬರುತ್ತಿತ್ತು. ಬೇರೆಯವರ ತಾಟಿಗೆ ಬಾಯಿ ಹಾಕಿದರೆ ಕರಿಯ ಸಣ್ಣದಾಗಿ ಕಚ್ಚಿ ಬಿಡುತ್ತಿದ್ದ. ಅಂಗಳದ ಗಡಿ ಯಾವುದು, ಮನೆಯವರು ಯಾರು, ರಾತ್ರಿ ಯಾವ ಸಪ್ಪಳಕ್ಕೆ ಏಳಬೇಕು, ಯಾವುದಕ್ಕೆ ಮಲಗಿರಬೇಕು, ಎಲ್ಲಾ ಮೂರ್ನಾಲ್ಕು ತಿಂಗಳಲ್ಲಿ ಕಲಿತಿತು. ಹೊಲದ ಹನಿ ನೀರಾವರಿ ಪೈಪು ಕಚ್ಚಬಾರದು ಅನ್ನೋದನ್ನು ಮಾತ್ರ ಯಾರೂ ಕಲಿಸಲಿಲ್ಲ! ನಮ್ಮೂರ ಹೆಸರಿನ ರಾಮಥಾಳ ಹನಿ ನೀರಾವರಿ ಯೋಜನೆ 24,000 ಹೆಕ್ಟೇರಿನದು. ಸಣ್ಣಿ ಕಚ್ಚಿದ್ದು ಅದರಲ್ಲಿ ಎರಡು ಮೊಳ. ಚಿಗರಿಯ ಹರೆಯದಲ್ಲಿ ಹೊಲದಲ್ಲಿ ಪೈಪೇ ಇರಲಿಲ್ಲ, ಅದಕ್ಕೆ ಗೊತ್ತಿಲ್ಲದ್ದನ್ನು ಅದು ಹೇಗೆ ಕಲಿಸೀತು?

ಲಸಿಕೆಯನ್ನು ಮಾತ್ರ ಅಂಗಳಕ್ಕೆ ಬಿಡಲಿಲ್ಲ, ದನದ ಡಾಕ್ಟರ ಹತ್ತಿರ ಹೋಗಿ ಹಾಕಿಸಿದೆವು. ಮನೆಯಲ್ಲಿ ನಾಲ್ಕು ನಾಯಿ ಇದ್ದರೆ ಒಂದರ ರೋಗ ನಾಲ್ಕಕ್ಕೂ. ಪಾರ್ವೋ ಅನ್ನೋ ವಾಂತಿಭೇದಿ ರೋಗ ಜಗತ್ತಿಗೆಲ್ಲ ಹಬ್ಬಿದ್ದು 1978ರಿಂದ ಈಚೆಗೆ, ಅಜ್ಜನ ಹರೆಯದಲ್ಲಿ ಇದ್ದದ್ದಲ್ಲ. ಡಿಸ್ಟೆಂಪರ್ ಮಾತ್ರ ಬಹಳ ಹಳೆಯ ರೋಗ. ಇದರದ್ದೊಂದು ಕಥೆ ಓದಿ ನಾನು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಜರ್ಮನಿಯ ಬಾನ್ ನಗರದ ಹತ್ತಿರ ಓಬರ್‌ಕಾಸೆಲ್ ಅನ್ನೋ ಕಡೆ 1914ರಲ್ಲಿ ಸುಮಾರು 14,000 ವರ್ಷ ಹಳೆಯ ಗೋರಿ ಸಿಕ್ಕಿತು. ಒಬ್ಬ ಗಂಡಸು, ಒಬ್ಬ ಹೆಂಗಸು, ಜೊತೆಗೆ ನಾಯಿಯ ಎಲುಬು. 2018ರಲ್ಲಿ ಅದರ ಹಲ್ಲು ಪರೀಕ್ಷಿಸಿದವರು ಹೇಳಿದ್ದು: ಅದು ಸುಮಾರು ಏಳು ತಿಂಗಳ ಮರಿ, ಸಾಯುವ ಮೊದಲು ಡಿಸ್ಟೆಂಪರ್ ಥರದ ರೋಗದಿಂದ ವಾರಗಟ್ಟಲೆ ನರಳಿತ್ತು. ಯಾರೋ ಆರೈಕೆ ಮಾಡದಿದ್ದರೆ ಅಷ್ಟು ದಿನ ಬದುಕುವುದು ಸಾಧ್ಯವಿರಲಿಲ್ಲ. ಕಾಯಿಲೆ ಬಿದ್ದ ಮರಿ ಯಾವ ಕೆಲಸಕ್ಕೂ ಬರುವುದಿಲ್ಲ. ಆದರೂ 14,000 ವರ್ಷದ ಹಿಂದೆ ಯಾರೋ ಅದರ ಬಾಯಿಗೆ ನೀರು ಬಿಟ್ಟಿದ್ದಾರೆ.

ಇನ್ನು ಮೊದಲು ಹೇಳಿದ ಕಾರಣ. ನಮ್ಮ ಕಾಕಾನಿಗೆ ಸಣ್ಣಿಯನ್ನು ತಂದದ್ದರ ಹಿಂದೆ ಒಂದು ಲೆಕ್ಕವಿತ್ತು. ಮುಧೋಳ ಮರಿಗೆ ಈಗ ಬೇಡಿಕೆ ಇದೆ, ಪ್ರತಿ ಸಲ ಬೆದೆಗೆ ಬಂದಾಗಲೂ ಕೂಡಿಸಿ ಮರಿ ಮಾಡಿಸಿ ಮಾರಬಹುದು ಅಂತ. ಬೆಂಗಳೂರಿನಲ್ಲಿ ನನ್ನ ಆಫೀಸಿನವರೇ ಗಿರಾಕಿಗಳು! "ನಿಮ್ಮ ಕಡೆದಲ್ವಾ, ಒಂದು ಮರಿ ಕೊಡಿಸು ಗುರೂ" ಅಂತ ನಾಲ್ಕೈದು ಜನ ಕೇಳಿದ್ದಾರೆ. ಎಲ್ಲರೂ ಇರೋದು ಎರಡು ಕೋಣೆಯ ಫ್ಲ್ಯಾಟಿನಲ್ಲಿ, ಗಂಡ-ಹೆಂಡತಿ ಇಬ್ಬರೂ ರಾತ್ರಿ ಎಂಟಕ್ಕೆ ಮನೆಗೆ ಬರುವವರು. ಅಜ್ಜ ಮತ್ತು ಕಾಕಾನ ಮಧ್ಯೆ ಇದೇ ವಿಷಯಕ್ಕೆ ಮಾತು ಬೆಳೆಯಿತು.

"ಮಂದಿ ರೊಕ್ಕಾ ಕೊಡ್ತಾರ, ತಪ್ಪೇನೈತಿ?" ಅಂತ ಕಾಕಾ.

"ಮಾರಾಕ ಬ್ಯಾಡ ಅನ್ನೂದಿಲ್ಲ. ವರ್ಷಕ್ಕ ಎರಡ ಸಲ ಈಯಿಸಿದ್ರ ಅದು ನಾಯಿ ಅಲ್ಲ, ಗಿರಣಿ. ಮತ್ತ ಮರಿ ಒಯ್ಯಾವಂದು ಅಂಗಳಾ ಹೆಂಗೈತಿ ಅಂತ ನೋಡದ ಕೊಟ್ರ, ಕೊಟ್ಟಾವನ ಕೈಗೇ ಪಾಪ" ಅಂತ ಅಜ್ಜ.

ಗೊರವನಿಗೆ ಹಾಕಿದ ಶಾಪ ಆತಕೂರಿನ ಕಲ್ಲಿನ ಮೇಲಿದೆ. ಶಾಸನ ಓದದ ನಮ್ಮಜ್ಜ ಅದೇ ಥರದ ಇನ್ನೊಂದನ್ನು ಪಡಸಾಲೆಯಲ್ಲಿ ಕೂತು ಹೇಳಿಬಿಟ್ಟ. ಕಾಕಾ ಇನ್ನೂ ಪೂರ್ತಿ ಒಪ್ಪಿಲ್ಲ. ಎರಡು ವರ್ಷ ತುಂಬುವ ತನಕ ಸಣ್ಣಿಯನ್ನು ಕೂಡಿಸಬಾರದು ಅನ್ನೋದಷ್ಟೇ ಸದ್ಯಕ್ಕೆ ತೀರ್ಮಾನ. ಮುಂದೇನೋ ನೋಡಬೇಕು. ಕಾಕಾನ ಮಾತಿನಲ್ಲೂ ಸತ್ಯವಿದೆ. ಮುಧೋಳ ಸೀಮೆಯಲ್ಲಿ ಎಷ್ಟೋ ಮನೆಗಳು ಮರಿ ಮಾರಿ ನಾಲ್ಕು ಕಾಸು ಕಾಣುತ್ತವೆ, ಬೇಟೆ ನಿಂತ ಮೇಲೂ ತಳಿ ಉಳಿದಿರೋದಕ್ಕೆ ಆ ಕಾಸೂ ಒಂದು ಕಾರಣ. ಆದರೆ ಕಾಸೊಂದೇ ಕಾರಣವಾದ ದಿನ ಉಳಿಯೋದು ಉದ್ದ ಮೂತಿ, ಸಣ್ಣ ಸೊಂಟ ಮಾತ್ರ. ಚಿಗರಿ ಸಣ್ಣಿಗೆ ಕಲಿಸಿದ್ದು ಯಾವ ಸರ್ಟಿಫಿಕೇಟಿನಲ್ಲೂ ಬರೆದಿರೋದಿಲ್ಲ.

ಹಾಗಾಗಿ ಮರಿ ಬೇಕು ಅನ್ನುವವರಿಗೆ ನನ್ನ ಮಾತು ಇಷ್ಟೇ. ಅದಕ್ಕೆ ಓಡಲು ದಿನಾ ಬಯಲು ಸಿಗುತ್ತದಾ? ಹಗಲೆಲ್ಲ ಮನೆಯಲ್ಲಿ ಯಾರಾದರೂ ಇರ್ತೀರಾ? ಚಳಿಗೆ ಕಂಬಳಿ, ರೋಗಕ್ಕೆ ಡಾಕ್ಟರು, ಹತ್ತು-ಹನ್ನೆರಡು ವರ್ಷದ ತಾಳ್ಮೆ ಇದೆಯಾ? ಇದ್ದರೆ ತಿಮ್ಮಾಪುರದ ಕೇಂದ್ರದಲ್ಲೋ, ತಾಯಿ ನಾಯಿಯನ್ನು ಕಣ್ಣೆದುರು ತೋರಿಸುವ ರೈತರ ಮನೆಯಲ್ಲೋ ವಿಚಾರಿಸಿ. ಇಲ್ಲದಿದ್ದರೆ ನಿಮ್ಮ ಬೀದಿಯಲ್ಲೇ ಒಬ್ಬ ಕರಿಯ ಇರ್ತಾನೆ. ಅವನಿಗೆ ನಿಮ್ಮ ಮೆಟ್ಟಿಲು ಸಾಕು.

ಬ್ಯಾಟಿ ನಾಯಿಗೆ ಈಗ ಏನು ಕೆಲಸ ಅಂತ ಅಜ್ಜನನ್ನೂ ಕೇಳಿದೆ. "ಕೆಲಸಾ ಯಾಕ ಬೇಕು? ಇರೂದ ಅದರ ಕೆಲಸಾ" ಅಂದ. ನಿಮ್ಮ ಊರ ಕಡೆ ಬೇಟೆ ನಾಯಿಗೆ ಏನಂತ ಕರೀತಿದ್ದರು, ನಾಯಿಯ ವೀರಗಲ್ಲು ಏನಾದರೂ ಇದೆಯಾ, ಹಿರಿಯರನ್ನು ಕೇಳಿ ತಿಳಿಸಿ.